ಹಗೇವಿನ ವಾಯುವೂ ವಿದ್ಯುನ್ನಾಸಿಕವೂ

ಕಲ್ಯ, ಮಾಗಡಿ ಮೊದಲಾದ ರಾಗಿಯ ಸೀಮೆಯಲ್ಲಿ ಹಿಂದೆ ಧಾನ್ಯವನ್ನು ಹಗೇವುಗಳಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡುವ ವಾಡಿಕೆಯಿದ್ದಿತು. ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳುಗಳೂ ಉಸಿರಾಡಿ, ಆಮ್ಲಜನಕವನ್ನು ತೀರಿಸಿ, ಇಂಗಾಲಾಮ್ಲ ವಾಯುವನ್ನು ಬಿಡುತ್ತವೆ. ಹುಳು ಸತ್ತು ರಾಗಿ ಉಳಿಯುವುದು ಇದರಿಂದಲೇ. ಬಾಯಿ ತೆರೆದೊಡನೆ ಇಳಿದವನ ಪ್ರಾಣ ಹೋಗುವುದೂ ಇದರಿಂದಲೇ. ಈ ವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರವಾದುದರಿಂದ ತಳದಲ್ಲಿಯೇ ನಿಲ್ಲುತ್ತದೆ.

ಹಿರಿಯರು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ಆರಿದರೆ ಇಳಿಯಬಾರದೆಂಬುದು ಸರಿಯೇ. ಆದರೆ ಉರಿದ ಮಾತ್ರಕ್ಕೆ ನಿರ್ಭಯವೆನ್ನಲಾಗದು. ನೂರಕ್ಕೆ 5 ಭಾಗ ಈ ವಾಯು ಬೆರೆತಲ್ಲಿಯೂ ದೀಪವು ಉರಿಯಬಹುದು, ಮನುಷ್ಯನಿಗೆ ಮಾತ್ರ ಏದುಸಿರೂ ತಲೆಸುತ್ತೂ ಬರುತ್ತವೆ.

1982ರಲ್ಲಿ ಇಂಗ್ಲೆಂಡಿನಲ್ಲಿ ಪರ್ಸಾಡ್ ಮತ್ತು ಡಾಡ್ ಎಂಬ ವಿಜ್ಞಾನಿಗಳು ವಿದ್ಯುನ್ನಾಸಿಕದ ಮಾದರಿಯೊಂದನ್ನು ಪ್ರಕಟಿಸಿದರು. ಕಾಯಿಸಿದ ತವರದ ಆಕ್ಸೈಡಿಗೆ ವಾಸನೆಯ ಆವಿ ತಗುಲಿದರೆ ಅದರಲ್ಲಿ ವಿದ್ಯುತ್ತಿನ ಹರಿವು ಬದಲಾಗುವುದೇ ಇದರ ಮರ್ಮ. ಇಂಥ ಸಾಧನಗಳು ಈಗ ಕಾಳಿನಷ್ಟು ಕಿರಿದಾಗಿ ಸಣ್ಣ ಬ್ಯಾಟರಿಯಿಂದ ನಡೆಯುತ್ತವೆ. ಮುಗ್ಗಿದ ಧಾನ್ಯವನ್ನು ಗುರುತಿಸಲು ಇವು ತಕ್ಕವು, ಹಗೇವಿಗೆ ಸಾಲವು. ಇಂಗಾಲಾಮ್ಲ ವಾಯುವನ್ನು ಅವಕೆಂಪು ಕಿರಣದಿಂದಲೂ ಆಮ್ಲಜನಕವನ್ನು ರಾಸಾಯನಿಕ ಕೋಶದಿಂದಲೂ ಅಳೆಯುವ ಕೈಯಂತ್ರಗಳು ಬೇರೆ ಇವೆ.

ಹಳೆಯ ಹಗೇವನ್ನೋ ಪಾಳುಬಾವಿಯನ್ನೋ ತೆರೆಯುವವರು ಇಂಥ ಯಂತ್ರವನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸತಕ್ಕದ್ದು. ಆಮ್ಲಜನಕವು ನೂರಕ್ಕೆ 19.5ಕ್ಕಿಂತ ಕಡಿಮೆ ತೋರಿದರೆ ಯಾರೂ ಇಳಿಯಕೂಡದು. ಒಳಗೆ ಬಿದ್ದವನನ್ನು ಎತ್ತಲೆಂದು ಇನ್ನೊಬ್ಬನು ಹಾಗೆಯೇ ಧುಮುಕಲೂ ಕೂಡದು.