ಆರರಲ್ಲೊಂದು ಎಲ್ಲಿಂದ ಬಂತು?

ಇಂಜಿನಿಯರಿಂಗ್ ಗಣಿತದಲ್ಲಿ, ಅವಕಲ ಸಮೀಕರಣವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ರುಂಗೆ–ಕುಟ್ಟಾ ಲೆಕ್ಕ ಮಾಡದೆ ಪಾಸಾದವರು ಕಡಿಮೆ. ಕೆ1, ಕೆ2, ಕೆ3, ಕೆ4 ಎಂದು ನಾಲ್ಕು ಸಲ ಇಳಿಜಾರು ಲೆಕ್ಕಹಾಕಿ, ನಡುವಿನ ಎರಡನ್ನು ದುಪ್ಪಟ್ಟು ಮಾಡಿ, ಎಲ್ಲವನ್ನೂ ಕೂಡಿಸಿ ಆರರಿಂದ ಭಾಗಿಸಿದರೆ ಮುಗಿಯಿತು. ಆ ಆರು ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಮೇಷ್ಟ್ರು ಸೂತ್ರ ಬಾಯಿಪಾಠ ಮಾಡಿಕೊಳ್ಳಿ ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ. ಅದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಲು ಒಂದು ಪೀರಿಯಡ್ ಸಾಲದು.

ಎರಡೇ ಹಂತದ ವಿಧಾನವಾದರೆ ಸಾಲುತ್ತದೆ. ಒಂದು ಇಳಿಜಾರನ್ನು ಇದ್ದಲ್ಲೇ ಅಳೆಯುತ್ತೇವೆ, ಇನ್ನೊಂದನ್ನು ಹೆಜ್ಜೆಯ ‘ಸಿ’ ಭಾಗದಷ್ಟು ಮುಂದೆ ಹೋಗಿ. ಯಾವುದಕ್ಕೆ ಎಷ್ಟು ತೂಕ ಕೊಡಬೇಕು? ನಮ್ಮ ಸೂತ್ರವನ್ನೂ ನಿಜವಾದ ಉತ್ತರದ ಟೇಲರ್ ಶ್ರೇಣಿಯನ್ನೂ ಅಕ್ಕಪಕ್ಕ ಬರೆದು ಪದಕ್ಕೆ ಪದ ಹೊಂದಿಸಿದರೆ ಎರಡು ಷರತ್ತು ಸಿಗುತ್ತವೆ: ತೂಕಗಳ ಮೊತ್ತ 1 ಆಗಬೇಕು, ಎರಡನೆಯ ತೂಕವನ್ನು ಸಿಯಿಂದ ಗುಣಿಸಿದರೆ 1/2 ಬರಬೇಕು. ಅಜ್ಞಾತಗಳು ಮೂರು, ಸಮೀಕರಣ ಎರಡು. ಹಾಗಾಗಿ ಸಿ ನಮ್ಮಿಷ್ಟ. 1/2 ಇಟ್ಟರೆ ಮಧ್ಯಬಿಂದು ವಿಧಾನ, 1 ಇಟ್ಟರೆ ಹ್ಯೂನ್ ವಿಧಾನ.

ಪೇಚಾಟ ಶುರುವಾಗುವುದು ದರ್ಜೆ ಏರಿದಾಗ. ನಾಲ್ಕನೇ ದರ್ಜೆಯೆಂದರೆ ಹೆಜ್ಜೆಯನ್ನು ಅರ್ಧ ಮಾಡಿದರೆ ಒಟ್ಟು ತಪ್ಪು ಸುಮಾರು 16 ಪಟ್ಟು ಇಳಿಯಬೇಕು, ಐದನೆಯದಾದರೆ 32 ಪಟ್ಟು. ನಾಲ್ಕಕ್ಕೆ 8 ಷರತ್ತು, ಐದಕ್ಕೆ 17, ಆರಕ್ಕೆ 37, ಎಂಟಕ್ಕೆ 200, ಹತ್ತಕ್ಕೆ 1205. ಕುಟ್ಟಾ 1901ರಲ್ಲಿ ಐದನೇ ದರ್ಜೆಯ ಸೂತ್ರಗಳನ್ನು ಕೈಯಲ್ಲೇ ಬಿಡಿಸಿದರು. ಅವುಗಳಲ್ಲಿ ತಪ್ಪು ನುಸುಳಿತ್ತು. ಅದನ್ನು ನ್ಯೂಸ್ಟ್ರಾಮ್ ತಿದ್ದಿದ್ದು 1925ರಲ್ಲಿ.

ಇಂಥ ಕೆಲಸಕ್ಕೆ ಕಂಪ್ಯೂಟರ್ ಬೀಜಗಣಿತ ಹೇಳಿಮಾಡಿಸಿದ್ದು. ಅದು ಅಂಕಿಗಳ ಜೊತೆಗೆ ಅಕ್ಷರಗಳನ್ನೂ ಗುಣಿಸುತ್ತದೆ, ಮೂರರಲ್ಲೊಂದನ್ನು 0.3333 ಎಂದು ಕತ್ತರಿಸದೆ ಮೂರರಲ್ಲೊಂದಾಗಿಯೇ ಉಳಿಸಿಕೊಳ್ಳುತ್ತದೆ. ಆದರೆ ಹತ್ತನೇ ದರ್ಜೆಯ ಟೇಲರ್ ಶ್ರೇಣಿಯನ್ನು ಕುರುಡಾಗಿ ಬಿಡಿಸಲು ಹೇಳಿದರೆ ಅದಕ್ಕೂ ಏದುಸಿರು. ದಾರಿ ತೋರಿಸಿದವರು ನ್ಯೂಜಿಲೆಂಡಿನ ಜಾನ್ ಬುಚರ್. ಪ್ರತಿ ಷರತ್ತಿಗೂ ಬೇರಿರುವ ಒಂದು ಮರ ಬರೆಯಬಹುದೆಂಬುದು 1963ರ ಅವರ ಪ್ರಬಂಧದ ತಿರುಳು. ಇದೇ ಮರಗಳನ್ನು ಕೇಲಿ 1857ರಲ್ಲೇ ಎಣಿಸಿದ್ದರು.

ನಾಲ್ಕು ಬಿಂದುಗಳ ಮರ ತೆಗೆದುಕೊಳ್ಳಿ. ಪ್ರತಿ ಬಿಂದುವಿನಲ್ಲಿ ನಿಂತು, ತನ್ನನ್ನೂ ಸೇರಿಸಿ ಮೇಲೆಷ್ಟು ಬಿಂದುಗಳಿವೆ ಎಂದು ಎಣಿಸಿ, ಎಲ್ಲವನ್ನೂ ಗುಣಿಸಿ. ನೆಟ್ಟಗೆ ಬೆಳೆದ ಮರಕ್ಕೆ 4×3×2×1, ಅಂದರೆ 24. ಬುಡದಿಂದಲೇ ಮೂರು ಕೊಂಬೆ ಒಡೆದ ಮರಕ್ಕೆ ಬರೀ 4. ಆಯಾ ಷರತ್ತಿನ ಬಲಬದಿ 1/24 ಮತ್ತು 1/4. ಎಡಬದಿಯನ್ನೂ ಮರ ನೋಡಿಯೇ ಬರೆಯಬಹುದು. ಟೇಲರ್ ಶ್ರೇಣಿಯ ಹಂಗೇ ಇಲ್ಲದೆ 1205 ಷರತ್ತುಗಳನ್ನೂ ಪುಟ್ಟದೊಂದು ಪ್ರೋಗ್ರಾಮ್ ಉದುರಿಸಿಬಿಡುತ್ತದೆ.

ಬಿಡಿಸುವುದು ಬೇರೆ ಮಾತು. ಬಹುಪದಿ ಸಮೀಕರಣಗಳಲ್ಲಿ ಒಂದೊಂದೇ ಅಜ್ಞಾತವನ್ನು ಕಳಚಿಹಾಕುವ ಗ್ರೋಬ್ನರ್ ಆಧಾರದ ವಿಧಾನವನ್ನು 1965ರಲ್ಲಿ ಕೊಟ್ಟವರು ಬ್ರೂನೋ ಬುಖ್‌ಬರ್ಗರ್. ತಮ್ಮ ಗುರುವಿನ ಹೆಸರನ್ನೇ ಅದಕ್ಕಿಟ್ಟರು. ಅದೂ ಸಮೀಕರಣ ಹೆಚ್ಚಿದಂತೆ ಊಹೆಗೂ ಮೀರಿ ಉಬ್ಬಬಲ್ಲದು. ಜೊತೆಗೆ ಇಲ್ಲಿ ಎಣಿಕೆಯನ್ನು ನಂಬುವಂತಿಲ್ಲ. ಐದು ಹಂತದಲ್ಲಿ ಐದನೇ ದರ್ಜೆ ಬೇಕೆಂದರೆ 15 ಅಜ್ಞಾತ, 17 ಸಮೀಕರಣ, ಪರಿಹಾರ ಇಲ್ಲ. ಏಳು ಹಂತದಲ್ಲಿ ಆರನೇ ದರ್ಜೆಗೆ 28 ಅಜ್ಞಾತ, 37 ಸಮೀಕರಣ, ಪರಿಹಾರ ಉಂಟು! ಈ ಇಡೀ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಹಲವು ಷರತ್ತುಗಳನ್ನು ಒಂದೇ ಏಟಿಗೆ ತೀರಿಸುವ ಜಾಣ ಊಹೆಗಳನ್ನು ಮೊದಲು ಮನುಷ್ಯ ಕೊಡಬೇಕು, ಮಿಕ್ಕದ್ದನ್ನು ಯಂತ್ರ ಅರೆಯುತ್ತದೆ.

ಷರತ್ತುಗಳೆಲ್ಲ ತೀರಿದ ಮೇಲೂ ಕೆಲವು ಅಜ್ಞಾತಗಳು ಕೈಯಲ್ಲಿ ಉಳಿದರೆ ಮುಂದಿನ ದರ್ಜೆಯ ತಪ್ಪು ತಗ್ಗುವಂತೆ ಅವನ್ನು ಆರಿಸುತ್ತಾರೆ. 1980ರಲ್ಲಿ ಡಾರ್ಮಂಡ್ ಮತ್ತು ಪ್ರಿನ್ಸ್ ಕೊಟ್ಟ ಸೂತ್ರ ಅಂಥದ್ದು. ಮ್ಯಾಟ್‌ಲ್ಯಾಬ್‌ನ ಓಡಿಇ45 ಒಳಗೆ ಇರುವುದು ಅದೇ. ಅದರಲ್ಲಿ 19372/6561 ಎಂಬಂಥ ಗುಣಾಂಕಗಳಿವೆ. ಬಾಯಿಪಾಠ ಮಾಡಿ ಎಂದು ಯಾವ ಮೇಷ್ಟ್ರೂ ಹೇಳಲಾರರು.

ಸಿಂಪೈಯಂಥ ಉಚಿತ ತಂತ್ರಾಂಶದಲ್ಲಿ ಇದನ್ನೆಲ್ಲ ಮನೆಯಲ್ಲೇ ಮಾಡಿನೋಡುವವರು ಒಂದು ಗುಂಡಿ ದಾಟಬೇಕು. ಒಂದೇ ಅವಕಲ ಸಮೀಕರಣ ಕೊಟ್ಟು ಐದನೇ ದರ್ಜೆಯ ಷರತ್ತು ಕೇಳಿದರೆ ಯಂತ್ರ 17ರ ಬದಲು 16 ಕೊಡುತ್ತದೆ. 1/30 ಮತ್ತು 1/40ರ ಎರಡು ಮರಗಳು ಬೆರೆತು 7/120 ಎಂಬ ಒಂದೇ ಷರತ್ತಾಗಿಬಿಡುತ್ತವೆ. ಹಾಗೆ ಹುಟ್ಟಿದ ಸೂತ್ರ ಒಂಟಿ ಸಮೀಕರಣದ ಮೇಲೆ ಸರಿಯಾಗಿಯೇ ನಡೆದೀತು. ಸ್ಥಾನ, ವೇಗ ಎಂದು ಹಲವು ಸಮೀಕರಣಗಳು ಹೆಣೆದುಕೊಂಡಿರುವ ಗ್ರಹದ ಕಕ್ಷೆಗೆ ಹಚ್ಚಿದರೆ ಬಣ್ಣ ಬಯಲು: ಹೆಜ್ಜೆ ಅರ್ಧವಾದಾಗ 32 ಪಟ್ಟು ಇಳಿಯಬೇಕಿದ್ದ ತಪ್ಪು 16 ಪಟ್ಟಿಗೇ ನಿಲ್ಲುತ್ತದೆ.