ಆಯುಧ ಬೇಡವೆಂದು ವ್ರತ ಹಿಡಿದವರು

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಿಂದ ನಾನು ಪ್ರತಿ ವರ್ಷ ತರುತ್ತಿದ್ದುದು ಒಂದೇ ಸಾಮಾನು: ತಗಡಿನ ಪಿಸ್ತೂಲು, ಜೊತೆಗೊಂದು ಟಿಕಳಿ ಡಬ್ಬಿ. ಪ್ರತಿ ವರ್ಷವೂ ಅಜ್ಜಿ ಹೊಸ್ತಿಲಲ್ಲೇ ತಡೆದು ಕೇಳುತ್ತಿದ್ದಳು: "ಇದು ಆಟಿಗಿದೋ, ಖರೇದೋ?" 1948ರ ರಜಾಕಾರರ ಹಾವಳಿಯ ದಿನಗಳಲ್ಲಿ ಆಕೆ ಇನ್ನೂ ಹುಡುಗಿ. ಬಂದೂಕಿನ ಸಪ್ಪಳ ಕೇಳಿದರೆ ಜ್ವಾಳದ ಹೊಲದೊಳಗೆ ಅಡಗುವುದನ್ನು ಕಲಿತವಳು. ಟಿಕಳಿ ಢಂ ಎಂದರೆ ಆಕೆಯ ಕೈಯಲ್ಲಿದ್ದ ಮೊರ ನೆಲಕ್ಕೆ ಬೀಳುತ್ತಿತ್ತು.

ಆ ಪ್ರಶ್ನೆ ಮತ್ತೆ ನನ್ನ ಕಿವಿಗೆ ಬಿದ್ದದ್ದು ಬಹಳ ವರ್ಷಗಳ ಮೇಲೆ, ಡೆನ್ಮಾರ್ಕಿನವರು ಮಾಡಿದ ಒಂದು ಸಿನಿಮಾ ನೋಡುವಾಗ. ಹೆಸರು 'ಡಿಯರ್ ವೆಂಡಿ'. ಎಸ್ತರ್‌ಸ್ಲೋಪ್ ಎಂಬ ಕಲ್ಪಿತ ಅಮೆರಿಕನ್ ಗಣಿ ಊರು. ಅಲ್ಲಿ ಗಣಿಗೆ ಇಳಿಯದವನು ಗಂಡಸೇ ಅಲ್ಲ. ಗಣಿಗೆ ಆಗಿಬಾರದ ಡಿಕ್ ಎಂಬ ಹುಡುಗ ಅಂಗಡಿಯೊಂದರಲ್ಲಿ ಸಣ್ಣ ಪಿಸ್ತೂಲು ಕೊಳ್ಳುತ್ತಾನೆ, ಆಟಿಕೆಯೆಂದು ತಿಳಿದು. ಜೊತೆಗೆ ಕೆಲಸ ಮಾಡುವ ಸ್ಟೀವಿ ಅದನ್ನು ನೋಡಿ, ಇದು ನಿಜವಾದದ್ದು ಅನ್ನುತ್ತಾನೆ. ಕಥೆ ಹುಟ್ಟುವುದು ಅಲ್ಲಿಂದ. ಡಿಕ್ ಆ ಪಿಸ್ತೂಲಿಗೆ ವೆಂಡಿ ಎಂದು ಹೆಸರಿಡುತ್ತಾನೆ. ಇಡೀ ಸಿನಿಮಾ ಅವನು ವೆಂಡಿಗೆ ಬರೆದ ಪತ್ರ.

ಈ ಸಿನಿಮಾ ಹುಟ್ಟಿದ ಬಗೆಯನ್ನು ಹುಡುಕಿಕೊಂಡು ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಕೆಂಪು ಕರಪತ್ರ. 1995ರ ಮಾರ್ಚ್. ಸಿನಿಮಾಕ್ಕೆ ನೂರು ತುಂಬಿದ ಸಲುವಾಗಿ ಪ್ಯಾರಿಸ್‌ನಲ್ಲಿ ಸಭೆ. ಡೆನ್ಮಾರ್ಕಿನ ನಿರ್ದೇಶಕ ಲಾರ್ಸ್ ಫಾನ್ ಟ್ರಿಯರ್ ವೇದಿಕೆಯಿಂದ ಸಭಿಕರತ್ತ ಕೆಂಪು ಕಾಗದಗಳನ್ನು ತೂರಿದ. ಅವನೂ ಗೆಳೆಯ ಥಾಮಸ್ ವಿಂಟರ್‌ಬರ್ಗ್‌ನೂ ಕೂಡಿ ಬರೆದ 'ಡಾಗ್ಮ 95' ಘೋಷಣೆ ಅದು. ಹತ್ತು ನಿಯಮಗಳ ವ್ರತ. ಸೆಟ್ ಹಾಕಬಾರದು, ಕ್ಯಾಮೆರಾ ಕೈಯಲ್ಲೇ ಹಿಡಿಯಬೇಕು, ನಿರ್ದೇಶಕನ ಹೆಸರು ಹಾಕಬಾರದು. ಆರನೆಯ ನಿಯಮವನ್ನು ನಾನು ಎರಡೆರಡು ಸಲ ಓದಿದೆ: ಸಿನಿಮಾದಲ್ಲಿ ಕೊಲೆ ಇರಬಾರದು, ಆಯುಧ ಇರಬಾರದು.

1998ರಲ್ಲಿ ವಿಂಟರ್‌ಬರ್ಗ್ ಈ ವ್ರತದ ಮೊದಲ ಸಿನಿಮಾ 'ಫೆಸ್ಟನ್' ಮಾಡಿದ. ಒಂದು ಕುಟುಂಬದ ಊಟದ ಮೇಜಿನ ಸುತ್ತ ನಡೆಯುವ ಕಥೆ. ಕಾನ್ ಉತ್ಸವದಲ್ಲಿ ತೀರ್ಪುಗಾರರ ಬಹುಮಾನ ಬಂತು. ಟ್ರಿಯರ್‌ಗೆ ವಿಮಾನವೆಂದರೆ ಭಯ, ಅಮೆರಿಕದಲ್ಲಿ ಕಾಲಿಟ್ಟವನಲ್ಲ. ಆದರೂ ಅಮೆರಿಕ ಅವನನ್ನು ಕಾಡುತ್ತಲೇ ಇತ್ತು. 2003ರ 'ಡಾಗ್‌ವಿಲ್'ನಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಒಂದು ಅಮೆರಿಕನ್ ಊರನ್ನೇ ನಿಲ್ಲಿಸಿದ. ಬಂದೂಕಿನ ಹುಡುಗರ ಕಥೆಯನ್ನು ಬರೆದವನೂ ಅವನೇ. ಬರೆದು, ನಿರ್ದೇಶಿಸಲೆಂದು ಗೆಳೆಯ ವಿಂಟರ್‌ಬರ್ಗ್‌ನ ಕೈಗಿತ್ತ. ಡೆನ್ಮಾರ್ಕ್ ಮತ್ತು ಜರ್ಮನಿಯಲ್ಲಿ ಚಿತ್ರೀಕರಣವಾಯಿತು, 2005ರ ಜನವರಿಯಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ತೆರೆ ಕಂಡಿತು. ಆಯುಧ ಬೇಡವೆಂದು ಸಹಿ ಹಾಕಿದ ಇಬ್ಬರು ಹತ್ತೇ ವರ್ಷದಲ್ಲಿ ಬಂದೂಕಿಗೆ ಪ್ರೇಮಪತ್ರ ಬರೆದಿದ್ದರು.

ಸಿನಿಮಾದ ಒಳಗೂ ಇರುವುದು ವ್ರತವೇ. ಊರಿಗೆ ಬೇಡವಾದ ಹುಡುಗರನ್ನು ಡಿಕ್ ಕೂಡಿಸುತ್ತಾನೆ. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುವ ಹ್ಯೂಯಿಯೂ ಅವರಲ್ಲೊಬ್ಬ. ಬಂದೂಕು ಬಗಲಲ್ಲಿರಬೇಕು, ಹೊರಗೆ ಯಾರಿಗೂ ತೋರಿಸಬಾರದು, ಯಾರ ಮೇಲೂ ಎತ್ತಬಾರದು. ಅದು ಇದೆ ಎಂಬ ಧೈರ್ಯವೇ ಸಾಕು. ನಿಜಕ್ಕೂ ಹುಡುಗರ ಬೆನ್ನು ನೆಟ್ಟಗಾಗುತ್ತದೆ, ಮಾತು ತೊದಲುವುದು ನಿಲ್ಲುತ್ತದೆ. ಪಾಳುಬಿದ್ದ ಗಣಿಯೇ ಅವರ ಗುಡಿ. ಹಳೆಯ ಕಾಲದ ಕೋಟು, ಅರವತ್ತರ ದಶಕದ ಜಾಂಬೀಸ್ ತಂಡದ ಹಾಡು.

ಅಮೆರಿಕದ ವಿಮರ್ಶಕರು ಅನೇಕರು ಸಿಟ್ಟಾದರು. 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದ ಗಾಯ ಇನ್ನೂ ಹಸಿ. ನಮ್ಮ ದೇಶವನ್ನೇ ನೋಡದವರು ನಮಗೆ ಬುದ್ಧಿ ಹೇಳುವುದೇ ಎಂಬ ಕೋಪ. ಮಾಸ್ಕೋ ಉತ್ಸವ ವಿಂಟರ್‌ಬರ್ಗ್‌ಗೆ ಉತ್ತಮ ನಿರ್ದೇಶಕ ಬಹುಮಾನ ಕೊಟ್ಟಿತು. ಆಮೇಲೆ ಸಿನಿಮಾ ಮರೆತೇ ಹೋಯಿತು. ಈ ಮರೆವು ನನಗೆ ಇವತ್ತಿಗೂ ನೋವಿನ ಸಂಗತಿ. ಅಮೆರಿಕದ ಮಟ್ಟಿಗೆ ಸರಿಯೋ ತಪ್ಪೋ ಎಂಬ ಒಂದೇ ತಕ್ಕಡಿಯಲ್ಲಿ ಅದನ್ನು ತೂಗಿಬಿಟ್ಟರು.

ಬಸವಕಲ್ಯಾಣದ ಕಡೆಯವರಿಗೆ ಈ ಕಥೆ ದೂರದ್ದಲ್ಲ. ಜಾತಿ ತೊರೆದವರು, ಜಾತಿಯೇ ಹೊರಗಿಟ್ಟವರು ಕೂಡಿ ಕಟ್ಟಿದ ಶರಣರ ಬಳಗ, ಕೊಲ್ಲಬಾರದೆಂಬ ವ್ರತ, ಹರಳಯ್ಯ, ಮಧುವರಸರ ಮಕ್ಕಳ ಮದುವೆ, ಅಪ್ಪಂದಿರಿಗೆ ದೊರೆ ಬಿಜ್ಜಳ ಕೊಟ್ಟ ಘೋರ ಶಿಕ್ಷೆ. ಕೊನೆಗೆ ಜಗದೇವ ಬಿಜ್ಜಳನನ್ನು ಕೊಂದನೆಂದೂ ಶರಣರು ಉಳವಿಯ ಹಾದಿ ಹಿಡಿದರೆಂದೂ ನಮ್ಮ ಕಡೆ ಪ್ರತಿ ಮಗುವೂ ಕೇಳಿ ಬೆಳೆಯುತ್ತದೆ. ಗಿರೀಶ ಕಾರ್ನಾಡರ 'ತಲೆದಂಡ' (1990) ಬಿಡಿಸಿ ತೋರಿದ್ದು ಈ ಜಗದೇವನನ್ನೇ. ಕಾರ್ನಾಡರ ಜಗದೇವ ಅಪ್ಪನ ಮನೆ ಬಿಟ್ಟ ಬ್ರಾಹ್ಮಣ ಹುಡುಗ, ಚಮ್ಮಾರರ ಹುಡುಗ ಮಲ್ಲಿಬೊಮ್ಮನ ಗೆಳೆಯ. ತಾವು ಮಾಡಿದ ಕೆಲಸದ ಹೆಸರೆಲ್ಲ ಬಸವಣ್ಣನವರಿಗೆ ಹೋಯಿತೆಂದು ಒಳಗೇ ಕುದಿಯುತ್ತಾನೆ. ತನ್ನನ್ನು ಯಾರೂ ಗಮನಿಸಲಿಲ್ಲವೆಂಬ ಆ ಉರಿ ಡಿಕ್‌ನ ಮುಖದಲ್ಲಿ ಕಂಡಾಗ ನಾನು ಕುರ್ಚಿಯಲ್ಲಿ ಸರಿದು ಕೂತೆ.

ಡಾಗ್ಮ ಹೊರಬಿದ್ದ 1995ರಲ್ಲೇ ನಮ್ಮಲ್ಲಿ 'ಓಂ' ಬಂತು. ಬೆಂಗಳೂರಿನ ನಿಜವಾದ ರೌಡಿಗಳೇ ಅದರಲ್ಲಿ ನಟಿಸಿದ್ದರು. 'ಡಿಯರ್ ವೆಂಡಿ'ಯ 2005ರಲ್ಲಿ 'ಜೋಗಿ'. ಆ ವರ್ಷ ನಮ್ಮ ಓಣಿಯ ಹುಡುಗರು ಕಟ್ಟಿಗೆ ಕೆತ್ತಿ ಲಾಂಗು ಮಾಡಿಕೊಂಡು ತಿರುಗಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಎರಡೂ ಸಿನಿಮಾಗಳನ್ನು ನಾನೂ ಸೀಟಿ ಹೊಡೆದು ನೋಡಿದವನು. ಆದರೆ ಆ ಕಟ್ಟಿಗೆ ಲಾಂಗು ಹಿಡಿದವರಲ್ಲಿ ಹೆಚ್ಚಿನವರು ಸಾಲಿ ಬಿಟ್ಟವರು, ಯಾರೂ ಮಾತಾಡಿಸದವರು. ಅವರು ಕೈಯಲ್ಲಿ ಹಿಡಿದದ್ದನ್ನು ಯಾಕೆ ಅಷ್ಟು ಹಚ್ಚಿಕೊಂಡರು ಎಂದು ಅವರ ಪಕ್ಕ ಕೂತು ಕೇಳುವ ಸಿನಿಮಾ ಕನ್ನಡದಲ್ಲಿ ನನಗೆ ಅಂದು ಸಿಗಲಿಲ್ಲ. ಆ ಹಸಿವು ಇನ್ನೂ ಇದೆ.

'ಡಿಯರ್ ವೆಂಡಿ'ಯಲ್ಲಿ ಕ್ಲಾರಾಬೆಲ್ ಎಂಬ ಮುದುಕಿಯಿದ್ದಾಳೆ, ಡಿಕ್‌ನನ್ನು ಸಾಕಿ ಬೆಳೆಸಿದ ಕಪ್ಪು ಹೆಂಗಸು. ಪುಂಡರ ಭಯಕ್ಕೆ ಮನೆಯಿಂದ ಹೊರಗೇ ಬರುವುದಿಲ್ಲ. ಚೌಕ ದಾಟಿದರೆ ನೆಂಟರ ಮನೆ, ಅಷ್ಟೇ ದೂರ. ಹುಡುಗರು ಬಂದೂಕು ಬಗಲಲ್ಲಿಟ್ಟುಕೊಂಡು ಸುತ್ತುವರಿದು ಆಕೆಯನ್ನು ಕರೆದೊಯ್ಯಲು ಹೊರಡುತ್ತಾರೆ. ಪೊಲೀಸಿನವನೊಬ್ಬ ನೆರವಾಗಲೆಂದು ಹತ್ತಿರ ಬರುತ್ತಾನೆ. ಕಳ್ಳನೆಂದು ಬೆದರಿದ ಮುದುಕಿ ತಾನೇ ತಂದಿದ್ದ ಬಂದೂಕಿನಿಂದ ಅವನನ್ನು ಸುಟ್ಟುಬಿಡುತ್ತಾಳೆ. ವ್ರತ ಅಲ್ಲಿಗೆ ಮುರಿಯಿತು. ಊರ ತುಂಬ ಪೊಲೀಸರು ಸುತ್ತುಗಟ್ಟಿದ ಮೇಲೂ ಹುಡುಗರು ಆಕೆಯನ್ನು ನೆಂಟರ ಮನೆ ಮುಟ್ಟಿಸಲೇಬೇಕೆಂದು ಹಟ ಹಿಡಿದು ಚೌಕಕ್ಕೆ ಇಳಿಯುತ್ತಾರೆ.

ಆಕೆ ಒಂದೊಂದೇ ಹೆಜ್ಜೆ ಇಡುವಾಗ ನನಗೆ ಕಂಡದ್ದು ನನ್ನಜ್ಜಿ. ಜಾತ್ರೆಯ ಮದ್ದು ಸುಡುವ ರಾತ್ರಿ ಆಕೆ ತೇರಿನ ಬೀದಿ ದಾಟುತ್ತಿರಲಿಲ್ಲ. ತಂಗಿಯ ಮನೆ ಎದುರಿಗೇ ಇದ್ದರೂ ಬೆಳಗಾಗುವವರೆಗೆ ನಮ್ಮ ಪಡಸಾಲೆಯಲ್ಲೇ ಕೂತಿರುತ್ತಿದ್ದಳು, ನನ್ನ ತಗಡಿನ ಪಿಸ್ತೂಲನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು.