ಕ್ಯಾಮೆರಾದ ಮುಂದೆ ವರ್ತಕ: ಡಿಜಿಟಲ್ ಪ್ರತಿರೂಪ ಸಿದ್ಧಪಡಿಸುವ ಬಗೆ

2023ರ ಜುಲೈ ತಿಂಗಳಿನಲ್ಲಿ ಪವರ್ ಟಿ.ವಿ. ವಾಹಿನಿಯು ‘ಸೌಂದರ್ಯ’ ಎಂಬ ಕೃತಕ ಬುದ್ಧಿಮತ್ತೆಯ ವಾರ್ತಾವಾಚಕಿಯನ್ನು ಕನ್ನಡ ವೀಕ್ಷಕರಿಗೆ ಪರಿಚಯಿಸಿದಾಗ, ಇದು ದೊಡ್ಡ ಸಂಸ್ಥೆಗಳಿಗಷ್ಟೇ ಸಲ್ಲುವ ವಿಷಯವೆಂದು ತೋರಿದ್ದು ಸಹಜ. ಇಂದು ಉತ್ತಮವಾದ ಒಂದು ಮೊಬೈಲ್ ಫೋನ್, ಅದನ್ನು ನಿಲ್ಲಿಸಲು ಒಂದು ಸ್ಟ್ಯಾಂಡ್ ಹಾಗೂ ಕೆಲವೇ ನಿಮಿಷಗಳ ಚಿತ್ರೀಕರಣವಿದ್ದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸಣ್ಣ ಉದ್ಯಮಿಯೂ ತನ್ನದೇ ಮುಖ ಮತ್ತು ಧ್ವನಿಯುಳ್ಳ ಪ್ರತಿರೂಪವನ್ನು ಪಡೆಯಬಹುದಾಗಿದೆ. ಹೇಜೆನ್, ಸಿಂಥೇಸಿಯಾ ಮೊದಲಾದ ಸಂಸ್ಥೆಗಳು ಅಂತರಜಾಲದ ಮೂಲಕ ಈ ಸೇವೆಯನ್ನು ಒದಗಿಸುತ್ತಿವೆ.

ನಮ್ಮ ಗೇರುಬೀಜ ಕಾರ್ಖಾನೆಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಡಬ್ಲ್ಯು-240 ದರ್ಜೆಯೆಂದರೆ ಒಂದು ಪೌಂಡಿಗೆ 220ರಿಂದ 240 ಇಡೀ ತಿರುಳು. ಡಬ್ಲ್ಯು-320 ಎಂದರೆ 300ರಿಂದ 320. ಹೊಸ ಗಿರಾಕಿ ಬಂದಾಗಲೆಲ್ಲ ಮಾಲೀಕರು ಇದನ್ನೇ ವಿವರಿಸಬೇಕಾಗುತ್ತದೆ. ಪ್ರತಿರೂಪ ಸಿದ್ಧವಾದ ಬಳಿಕ ಪಠ್ಯವನ್ನು ಬರೆದುಕೊಟ್ಟರೆ ಸಾಕು. ಅದೇ ಮುಖವು ಹಿಂದಿ, ಇಂಗ್ಲಿಷ್, ಅರಬ್ಬಿ ಭಾಷೆಗಳಲ್ಲಿಯೂ ಮಾತನಾಡುತ್ತದೆ. ಆದರೆ ಅನುವಾದವನ್ನು ಆ ಭಾಷೆ ಬಲ್ಲವರಿಗೆ ತೋರಿಸದೆ ರವಾನಿಸಬಾರದು. ದರ್ಜೆಯಲ್ಲಿ ಒಂದು ಅಂಕಿ ತಪ್ಪಿದರೂ ನಷ್ಟ ನಮ್ಮದೇ.

ತಂತ್ರಾಂಶವು ನಾವು ಉಚ್ಚರಿಸುವ ಪ್ರತಿಯೊಂದು ಧ್ವನಿಗೂ ತುಟಿ, ದವಡೆಗಳು ಹೇಗೆ ಚಲಿಸುತ್ತವೆ ಎಂಬುದನ್ನು ಚಿತ್ರದಿಂದ ಗುರುತಿಸಿಕೊಂಡು, ಹೊಸ ಮಾತಿಗೆ ಅದೇ ಚಲನೆಯನ್ನು ಹೊಂದಿಸುತ್ತದೆ. ಸಾಮಾನ್ಯವಾಗಿ ತಲೆ, ಭುಜಗಳ ಚಲನೆಯು ಮೂಲ ಚಿತ್ರದಿಂದಲೇ ಮರಳಿ ಮರಳಿ ಬರುವುದರಿಂದ, ಚಿತ್ರೀಕರಣದ ವೇಳೆ ಮೂಗು ತುರಿಸಿಕೊಂಡವರು ಪ್ರತಿ ಜಾಹೀರಾತಿನಲ್ಲಿಯೂ ಮೂಗು ತುರಿಸಿಕೊಳ್ಳುವ ಸಂಭವವುಂಟು!

ಆದುದರಿಂದ ಎರಡರಿಂದ ಐದು ನಿಮಿಷಗಳ ಕಾಲ ನಡುವೆ ಕಡಿತವಿಲ್ಲದಂತೆ ಚಿತ್ರಿಸಬೇಕು. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ, ದೃಷ್ಟಿ ಅದರ ಮೇಲೆಯೇ ಇರಲಿ. ವಾಕ್ಯದಿಂದ ವಾಕ್ಯಕ್ಕೆ ಬಾಯಿ ಮುಚ್ಚಿ ಕ್ಷಣಕಾಲ ವಿರಮಿಸಬೇಕು. ಕೈಗಳು ಮುಖಕ್ಕೆ ಅಡ್ಡ ಬರಬಾರದು. ಕಿಟಕಿಯ ಬೆಳಕು ಮೋಡದೊಂದಿಗೆ ಬದಲಾಗುವುದರಿಂದ ಸ್ಥಿರವಾದ ದೀಪದ ಬೆಳಕು ಮೇಲು. ಜೂನ್, ಜುಲೈ ತಿಂಗಳುಗಳಲ್ಲಿ ಹಂಚಿನ ಮಾಡಿನ ಕೆಳಗೆ ಕುಳಿತು ಚಿತ್ರಿಸುವುದು ವ್ಯರ್ಥ. ಮಳೆಯ ಸದ್ದು ಧ್ವನಿಯೊಡನೆ ಬೆರೆತುಬಿಡುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಅಂಗಡಿಗಳವರು ಒಳಕೋಣೆಯನ್ನು ಆಯ್ದುಕೊಳ್ಳಬೇಕು. ಫ್ಯಾನ್ ನಿಲ್ಲಿಸಲು ಮರೆಯದಿರಿ.

ಯಂತ್ರದ ಧ್ವನಿಯು ಗ್ರಂಥಸ್ಥ ಕನ್ನಡವನ್ನು ಒಂದು ಮಟ್ಟಿಗೆ ಓದೀತು. ನಮ್ಮ ‘ಹೋಯ್ಕ್, ಬರ್ಕ್’ ಅದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಊರಿನ ಗಿರಾಕಿಗಳಿಗಾಗಿ ಮಾತನ್ನು ಸ್ವಂತ ಧ್ವನಿಯಲ್ಲಿಯೇ ಮುದ್ರಿಸಿ ಪ್ರತಿರೂಪಕ್ಕೆ ಜೋಡಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ನಮ್ಮಲ್ಲಿ ಮುಖಪರಿಚಯದ ಮೇಲೆ ಸಾಲ, ಫೋನಿನ ಮಾತಿನ ಮೇಲೆ ಸರಕು ನೀಡುವ ರೂಢಿ ಇನ್ನೂ ಉಳಿದಿದೆ. ಪ್ರತಿರೂಪವನ್ನು ಕೈವಶ ಮಾಡಿಕೊಂಡವನಿಗೆ ಆ ನಂಬಿಕೆಯ ಬೀಗದ ಕೈಯೂ ದೊರೆತಂತೆ. 2024ರ ಆರಂಭದಲ್ಲಿ ಅರುಪ್ ಎಂಬ ಇಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯ ಉದ್ಯೋಗಿಯೊಬ್ಬರು ವೀಡಿಯೊ ಸಭೆಯಲ್ಲಿ ತಮ್ಮ ಹಿರಿಯ ಅಧಿಕಾರಿಯ ಕೃತಕ ರೂಪವನ್ನು ನಿಜವೆಂದೇ ನಂಬಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದರು. ಅದು ನಮ್ಮ ಲೆಕ್ಕದಲ್ಲಿ 200 ಕೋಟಿ ರೂಪಾಯಿಗೂ ಮಿಗಿಲು.

ಹೀಗಾಗಿ ಸೇವೆಯ ಖಾತೆಯನ್ನು ಸ್ಟುಡಿಯೋದವರ ಹೆಸರಿನಲ್ಲಿ ತೆರೆಯದೆ ಸಂಸ್ಥೆಯ ಹೆಸರಿನಲ್ಲಿಯೇ ತೆರೆಯಬೇಕು. ಮೂಲ ಚಿತ್ರವನ್ನು ಮೆಮೊರಿ ಕಾರ್ಡ್, ಕಂಪ್ಯೂಟರ್‌ಗಳಿಂದ ಅಳಿಸುವುದಾಗಿ ಅವರಿಂದ ಲಿಖಿತವಾಗಿ ಪಡೆಯಬೇಕು. ಅಂಗಡಿಯ ನೌಕರರ ಮುಖವನ್ನು ಬಳಸುವುದಾದರೆ ಅವರ ಲಿಖಿತ ಒಪ್ಪಿಗೆ ಅಗತ್ಯ. ಅವರು ಕೆಲಸ ಬಿಟ್ಟಮೇಲೆ ಆ ಪ್ರತಿರೂಪವನ್ನು ತೆಗೆದುಹಾಕಲಾಗುವುದೆಂಬ ಷರತ್ತೂ ಅದರಲ್ಲಿರಲಿ. 2026ರ ಫೆಬ್ರವರಿಯಿಂದ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ತಿದ್ದುಪಡಿಯಂತೆ, ನೈಜವೆಂದು ತೋರುವ ಇಂತಹ ಕೃತಕ ಚಿತ್ರಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕುವಾಗ ಅವು ಕೃತಕವೆಂದು ಕಾಣುವಂತೆ ಗುರುತಿರಬೇಕು. ಅನ್ಯರ ರೂಪ ಧರಿಸಿ ಕಂಪ್ಯೂಟರ್ ಮೂಲಕ ವಂಚಿಸುವವರಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಡಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಹಣ ಹೋದುದು ತಿಳಿದೊಡನೆ 1930 ಸಂಖ್ಯೆಗೆ ಕರೆಮಾಡಬೇಕು.

ಪ್ರತಿರೂಪವನ್ನು ಬಳಕೆಗೆ ತರುವ ಮುನ್ನವೇ ಒಂದು ಕೆಲಸವನ್ನು ಮುಗಿಸಿಕೊಳ್ಳುವುದು ಒಳಿತು. ಬ್ಯಾಂಕ್ ಖಾತೆಯ ಬದಲಾವಣೆಯನ್ನು ವೀಡಿಯೊ ಅಥವಾ ಧ್ವನಿ ಸಂದೇಶದ ಮೂಲಕ ಎಂದಿಗೂ ತಿಳಿಸುವುದಿಲ್ಲವೆಂಬ ಒಂದು ಸಾಲನ್ನು ಬಿಲ್ಲಿನ ಕೆಳಭಾಗದಲ್ಲಿ ಮುದ್ರಿಸಿ, ಹಳೆಯ ಗಿರಾಕಿಗಳಿಗೆ ಖುದ್ದಾಗಿಯೂ ಹೇಳಿಬಿಡಿ.